ಗುಂಗುರಿಗೆ ಗಂಜಿ

ಪೋತ್ತನೂರಿನ ಸಲೂನಿನಲ್ಲಿ ನನ್ನ ಗುಂಗುರು ಕೂದಲು ನೆಟ್ಟಗಾಗಲೆಂದು ಕ್ರೀಮು ಹಚ್ಚುತ್ತಿದ್ದಾರೆ. ಎಲ್ಲ ಉದುರೀತೇ ಎಂದು ಮೂರು ಸಲ ಕೇಳಿಯಾಯಿತು, ಕ್ರೀಮಿನ ಆ ಹಸಿ ವಾಸನೆಗೆ ಬಾಲ್ಯದ ಒಂದು ಮಧ್ಯಾಹ್ನ ನೆನಪಿಗೆ ತೇಲಿ ಬರುತ್ತಿದೆ.

ಅಂದು ಸಂಜೆ ಚಿಕ್ಕಮ್ಮನನ್ನು ನೋಡಲು ಗಂಡಿನವರು ಬರುವವರಿದ್ದರು. ಹಿಂದೆ ಬಂದವರು ಗುಂಗುರು ಕೂದಲೆಂದೇ ಒಲ್ಲೆವೆಂದಿದ್ದರು. ಅಜ್ಜಿ ಮಗ್ಗದ ನೂಲಿಗೆ ಬಳಿಯುವ ಗಂಜಿಯನ್ನೇ ಅವಳ ತಲೆಗೆ ಬಳಿದು, ನೂಲು ಬಾಚುವ ಕುಂಚದಿಂದಲೇ ಮೆಲ್ಲಗೆ ಬಾಚಿದಳು. "ಬೀದಿಯುದ್ದ ಹಾಸಿದ ನೂಲೇ ನನ್ನ ಮಾತು ಕೇಳ್ತದೆ, ಇದು ಕೇಳಲ್ವಾ?"

ಬಿಸಿಲಿಗೆ ಕೂದಲು ಒಣಗಿ ಹಲಗೆಯಾಯಿತು. "ತಲೆ ಆಡಿಸ್ಬೇಡ ಅಮ್ಮಣಿ, ಮುರ್ದೋಯ್ತದೆ!" ಅಂದಳು ಅಜ್ಜಿ. ಚಿಕ್ಕಮ್ಮ ಎದ್ದು ಹೋಗಿ, ಬಾವಿಕಟ್ಟೆಯಲ್ಲಿ ಎರಡು ಕೊಡ ನೀರು ಸುರಿದುಕೊಂಡಳು. ಗುಂಗುರೆಲ್ಲ ಒಂದೊಂದಾಗಿ ಎದ್ದು ಕೂತಿತು. ಸಂಜೆ ಹಾಗೇ ಹೋಗಿ, ಗಂಡಿನವರಿಗೆ ಕಾಫಿ ಕೊಟ್ಟಳು.

"ಇದೇನಮ್ಮಾ ಕೂದಲು?" ಎಂದರು ಗಂಡಿನ ತಾಯಿ.

"ನಂದು," ಅಂದಳು ಚಿಕ್ಕಮ್ಮ.