ಮುದಕವ್ವನ ಕಿರುಬೆರಳು

ಕಲ್ಲವ್ವನ ಕೂಸು ಹುಟ್ಟಿತು, ಆದರೆ ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಅರವತ್ಮೂರನೆಯ ಇಸವಿಯ ಆ ಮಧ್ಯಾಹ್ನ ಮಗ್ಗಗಳ ಊರಾದ ಇಚಲಕರಂಜಿಯ ಸಣ್ಣ ದವಾಖಾನೆಯಲ್ಲಿ ಡಾಕ್ಟರ್ ಪದ್ಮಕುಮಾರರು ಕೂಸಿನ ಶ್ವಾಸನಾಳಕ್ಕೆ ರಬ್ಬರಿನ ನಳಿಗೆ ಇಳಿಸಲು ನೋಡಿದರು. ಅದು ಅನ್ನನಾಳಕ್ಕೆ ಜಾರಿತು. ಊದಿದರೆ ಎದೆಯ ಬದಲು ಹೊಟ್ಟೆ ಉಬ್ಬಿತು. ಎರಡನೆಯ ಸಲವೂ ಅದೇ ಕಥೆ.

"ಸಿಸ್ಟರ್, ನೀವ್ ನೋಡ್ರಿ. ನನ್ನ ಬೆರಳ ದಪ್ಪ."

ಸಿಸ್ಟರ್ ನಾಗೂಬಾಯಿ ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದವರು. ಅವರೂ ಇಳಿಸಿ ನೋಡಿದರು. ನಳಿಗೆ ಮತ್ತೆ ಹೊಟ್ಟೆಯ ದಾರಿಯನ್ನೇ ಹಿಡಿಯಿತು.

ಮೂಲೆಯಲ್ಲಿ ಬಕೆಟ್ ಹಿಡಿದು ನಿಂತಿದ್ದ ಆಯಾ ಮುದಕವ್ವ ಒಂದು ಹೆಜ್ಜೆ ಮುಂದಿಟ್ಟಳು. ಟೇಬಲ್ ಮುಟ್ಟಿದರೆ ಮನೆಗೆ ಕಳಿಸುತ್ತೇನೆಂದು ಸಿಸ್ಟರ್ ಮೊದಲ ದಿನವೇ ತಾಕೀತು ಮಾಡಿದ್ದರು. ಹೋದರೆ ನೌಕರಿ ಹೋಗಲಿ ಎಂದು ಬಕೆಟ್ ಕೆಳಗಿಟ್ಟಳು.

"ನನಗೊಮ್ಮೆ ಕೊಡ್ರಿ, ಸಾಹೇಬ್ರ."

"ಮುದಕವ್ವಾ! ಹಿಂದ ಸರಿ!" ಸಿಸ್ಟರ್ ಗದರಿದರು.

"ಕೊಡ್ರಿ ಸಿಸ್ಟರ್," ಎಂದರು ಡಾಕ್ಟರ್. "ನಮ್ಮಿಬ್ಬರ ಕೈಲೆ ಅಂತೂ ಆಗ್ಲಿಲ್ಲ."

ಲೋಷನ್ ನೀರಿನಲ್ಲಿ ಕೈ ಅದ್ದಿ ಮುದಕವ್ವ ಕಣ್ಣು ಮುಚ್ಚಿದಳು. ಕಿರುಬೆರಳನ್ನು ಕೂಸಿನ ನಾಲಿಗೆಯ ಬುಡದವರೆಗೆ ಇಳಿಸಿ, ಶ್ವಾಸನಾಳದ ಕಿಂಡಿ ತಡವಿ, ಬೆರಳಗುಂಟ ನಳಿಗೆ ಸರಿಸಿದಳು. ಹೊರಗಿನ ತುದಿಗೆ ಬಾಯಿಟ್ಟು ಉಸಿರು ಜಗ್ಗಿ, ಬಂದ ಲೋಳೆ ಉಗುಳಿದಳು. ಮೆಲ್ಲಗೆ ಊದಿದಳು, ಈ ಸಲ ಎದ್ದದ್ದು ಎದೆ! ಮತ್ತೆ ಮತ್ತೆ ಊದಿದಳು. ತುಟಿ ಕೆಂಪಾಗಿ ಕೂಸು ಕೈಕಾಲು ಬಡಿಯತೊಡಗಿತು. ಡಾಕ್ಟರ್ ನಳಿಗೆ ಹೊರತೆಗೆದರು. ಆಗ ಅತ್ತಿತು ನೋಡಿ, ಬೀದಿಯ ಮಗ್ಗಗಳ ಸದ್ದೂ ಅಡಗುವಂತೆ!

"ಯಾರ ಕಲಿಸಿದ್ರ ನಿನಗ?" ಡಾಕ್ಟರರ ಕಣ್ಣು ಒದ್ದೆಯಾಗಿತ್ತು.

"ಕಲಸೋರ್ ಯಾರ್ರಿ? ಹನ್ನೆರಡ ವರ್ಷ ಗಂಡನ ಜೋಡಿ ಮಗ್ಗದಾಗ ದುಡದೇನಿ. ಲಾಳಿ ತೂತಿಗೆ ನೂಲ ಹಚ್ಚಿ, ಬಾಯಿಲೆ ಜಗ್ಗಿ ಪೋಣಸೋದು ನನ್ನ ಕೆಲಸ. ತೂತ ನೋಡ್ಕೋತ ಕುಂತ್ರ ಮಾಲಕ ಬೈತಿದ್ದ. ಬೆರಳಿಗೇ ಎಲ್ಲಾ ತಿಳೀತೈತ್ರಿ."

ಸಿಸ್ಟರ್ ಅವಳ ರಟ್ಟೆ ಹಿಡಿದು ಹೊರಗೆ ಕರೆದೊಯ್ದರು. ನೌಕರಿ ಹೋಯಿತು ಎಂದುಕೊಂಡಳು ಮುದಕವ್ವ. ಒಳಗಿನಿಂದ ಕೂಸಿನ ಅಳು ಕೇಳುತ್ತಲೇ ಇತ್ತು. ಅವಳಿಗೆ ಅಷ್ಟು ಸಾಕಾಗಿತ್ತು.

ಹಿತ್ತಲಿನ ಹಂಡೆಯ ಬಳಿ ನಿಂತು ಸಿಸ್ಟರ್ ತಂಬಿಗೆಯಲ್ಲಿ ನೀರು ಮೊಗೆದರು. "ಕೈ ಹಿಡಿ," ಎಂದರು.

ಹೆರಿಗೆ ಮುಗಿದಾಗಲೆಲ್ಲ ಅವರ ಕೈಗೆ ನೀರು ಹಾಕುವವಳು ಮುದಕವ್ವ. ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಎರಡೂ ಕೈ ಮುಂದೆ ಚಾಚಿದಳು. ಸಿಸ್ಟರ್ ನೀರು ಸುರಿಯತೊಡಗಿದಾಗ ಮುಖವೆಲ್ಲ ನಗುವಾಗಿ ಅಂದಳು:

"ಇಷ್ಟ ಸಣ್ಣ ಧಾರ ಏನ್ರಿ ಸಿಸ್ಟರ್? ನಿಮಗ ನಾ ಹಿಂಗ ಹಾಕ್ತೇನೇನ್ರಿ?"