ಆಲ್ಮಾಳ ಗಿಣ್ಣುಹಾಲು

ಕರುವಿನ ಕಿವಿಗೆ ಹಳದಿ ಬಿಲ್ಲೆ ಚುಚ್ಚಿ ಎಷ್ಟೋ ದಿನವಾಗಿತ್ತು. ಒಣಗಿಹೋಗಿದ್ದ ಆ ತೂತಿನಿಂದ ಬೆಳಿಗ್ಗೆ ರಕ್ತ ಇಳಿಯತೊಡಗಿತು. ಕೊಟ್ಟಿಗೆಯ ಯಜಮಾನ ಕೋರ್ಬಿನಿಯನ್ ಬಟ್ಟೆ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಮಧ್ಯಾಹ್ನ ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ಕರು ಕಾಲು ಚಾಚಿಬಿಟ್ಟಿತು. ಆ ವಸಂತದಲ್ಲಿ ಹೀಗೆ ರಕ್ತ ಸೋರಿ ಸತ್ತದ್ದು ಇದು ಮೂರನೆಯದು. ಮೊದಲು ಹೋದದ್ದು ಆಲ್ಮಾಳ ಕರು. ಆಲ್ಮಾ ಎಂದರೆ ದಕ್ಷಿಣ ಜರ್ಮನಿಯ ನಮ್ಮ ಆಲ್ಗಾಯ್ ಸೀಮೆಯ ಹಸು ಪ್ರದರ್ಶನದಲ್ಲಿ ಮೊದಲ ಬಹುಮಾನ ಹೊಡೆದವಳು. ಕೋರ್ಬಿನಿಯನ್ ತನ್ನ ಹುಟ್ಟಿದ ದಿನವನ್ನಾದರೂ ಮರೆತಾನು, ಆಲ್ಮಾಳದ್ದನ್ನು ಮರೆಯುವವನಲ್ಲ.

"ಇಲಿ ಪಾಷಾಣ ಎಲ್ಲಿಟ್ಟಿದ್ದೀಯ?" ಎಂದು ಅವನು ತಮ್ಮ ವೀಟುಸ್‌ನನ್ನು ಕೇಳಿದ.

"ಅಟ್ಟದ ಮೇಲೆ, ಡಬ್ಬದಲ್ಲಿ. ಯಾಕೆ?"

"ಅದನ್ನ ತಿಂದ್ರೆ ಹೀಗೇ ಅಲ್ವಾ ಆಗೋದು? ರಕ್ತ ಹೆಪ್ಪುಗಟ್ಟಲ್ಲ. ಸೋರಿ ಸೋರಿ ಸಾಯೋದು."

"ಇಲಿ ಹಾಗೆ ಸಾಯತ್ತೆ ಕೋರ್ಬಿ. ಕರು ಅಟ್ಟ ಹತ್ತುತ್ತಾ?"

"ಕರು ಹತ್ತಲ್ಲ. ಡಬ್ಬ ಇಳಿಸೋರು ಇಳಿಸಬಹುದಲ್ಲ!"

ವೀಟುಸ್ ಸಲಿಕೆ ಎತ್ತಿಕೊಂಡು ಹೋದ. ನಮ್ಮ ಕಡೆ ಹೊಲ, ಕೊಟ್ಟಿಗೆಗಳನ್ನು ಪಾಲು ಮಾಡುವುದಿಲ್ಲ. ಇವರ ಅಪ್ಪನೂ ಎಲ್ಲವನ್ನೂ ದೊಡ್ಡವನ ಹೆಸರಿಗೇ ಬರೆದಿದ್ದ. ಚಿಕ್ಕವನಿಗೆ ಸಿಕ್ಕಿದ್ದು ಕೊಟ್ಟಿಗೆಯ ಮೇಲಿನ ಒಂದು ಕೋಣೆ, ಊಟ ಮತ್ತು ಕೈತುಂಬ ಕೆಲಸ. ಅವನು ಒಂದು ದಿನವೂ ಗೊಣಗಿದವನಲ್ಲ. ಇಷ್ಟು ವರ್ಷ ಅದನ್ನು ಒಳ್ಳೆಯತನ ಎಂದುಕೊಂಡಿದ್ದ ಕೋರ್ಬಿನಿಯನ್‌ಗೆ ಈಗ ಆ ಮೌನದಲ್ಲೇ ಏನೋ ಇದೆ ಅನ್ನಿಸತೊಡಗಿತು. ಜೊತೆಗೆ ಇನ್ನೊಂದು ಸಂಗತಿ. ಊರಿನಲ್ಲಿ ವಸಂತದ ಹಬ್ಬಕ್ಕೆ ಮೇ ಕಂಬ ನಿಲ್ಲಿಸುವ ದಿನ ಕೋರ್ಬಿನಿಯನ್ ತುತ್ತೂರಿ ಊದಲು ಹೋಗಿದ್ದಾಗ ಮನೆಯಲ್ಲಿ ಒಂದು ಕರು ಹುಟ್ಟಿತ್ತು. ಅವತ್ತು ಕೊಟ್ಟಿಗೆಯಲ್ಲಿದ್ದವನು ವೀಟುಸ್ ಒಬ್ಬನೇ. ಆ ಕರು ಮಾತ್ರ ಚಂಗುಚಂಗೆಂದು ನೆಗೆಯುತ್ತಿತ್ತು. ತನ್ನ ಕೈಯಲ್ಲಿ ಹುಟ್ಟಿದ್ದನ್ನು ಬಿಟ್ಟು ಅಣ್ಣನ ಕೈಯಲ್ಲಿ ಹುಟ್ಟಿದವಕ್ಕೇ ವಿಷ ಹಾಕುತ್ತಿದ್ದಾನೆ, ಅನುಮಾನಕ್ಕೆ ಇನ್ನೇನು ಬೇಕು? ತಮ್ಮ ಬೇಲಿ ಕೆಲಸಕ್ಕೆ ಹೋದ ಸಮಯ ನೋಡಿ ಅಣ್ಣ ಅವನ ಕೋಣೆಯನ್ನೆಲ್ಲ ಜಾಲಾಡಿದ, ಹಾಸಿಗೆ ಮಗುಚಿ ನೋಡಿದ. ಏನೂ ಸಿಗಲಿಲ್ಲ. ಚೆನ್ನಾಗಿಯೇ ಬಚ್ಚಿಟ್ಟಿದ್ದಾನೆ ಎಂದುಕೊಂಡ.

ದನದ ಡಾಕ್ಟರು ಐಗ್ನರ್ ಬಂದು ಸತ್ತ ಕರುವನ್ನು ಪರೀಕ್ಷೆಗೆ ಒಯ್ದರು. "ಪಾಷಾಣ ಇದೆಯಾ ಅಂತ ನೋಡಿ, ಡಾಕ್ಟರಮ್ಮ. ಹಾಕಿದವನು ಹೊರಗಿನವನಲ್ಲ" ಎಂದು ಕೋರ್ಬಿನಿಯನ್ ಹೇಳಿದ್ದು, ಅಲ್ಲೇ ಸಗಣಿ ಬಾಚುತ್ತಿದ್ದ ವೀಟುಸ್‌ಗೂ ಕೇಳಿಸಿತು. ಕೇಳಿಸಲಿ ಎಂದೇ ಅವನು ಹೇಳಿದ್ದ.

ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಮತ್ತೆ ಬಂದರು.

"ಪಾಷಾಣ ಗೀಷಾಣ ಏನೂ ಇಲ್ಲ. ಮೂಳೆಯೊಳಗಿನ ಮಜ್ಜೆ ಬರಿದಾಗಿದೆ. ರಕ್ತ ಹುಟ್ಟೋ ಜಾಗವೇ ಸತ್ತುಹೋಗಿದೆ. ಹುಟ್ಟಿದ ತಕ್ಷಣ ಕರುಗಳಿಗೆ ಏನು ಕುಡಿಸ್ತೀರಿ?"

ಕೋರ್ಬಿನಿಯನ್‌ನ ಎದೆ ಉಬ್ಬಿತು. ಅವನು ಫ್ರೀಜರ್ ಬಾಗಿಲು ತೆಗೆದು ತೋರಿಸಿದ. ಒಳಗೆ ಬೆಣ್ಣೆಯ ಹಾಗೆ ಹಳದಿಯಾದ ಹಾಲು ಹೆಪ್ಪುಗಟ್ಟಿದ ಬಾಟಲಿಗಳು ಸಾಲಾಗಿ ನಿಂತಿದ್ದವು. "ನಮ್ಮಲ್ಲಿ ಯಾವ ಹಸು ಈದರೂ ಮೊದಲ ಗುಟುಕು ಆಲ್ಮಾಳದ್ದೇ. ಇಷ್ಟು ಗಟ್ಟಿ ಗಿಣ್ಣುಹಾಲು ಇಡೀ ಕಣಿವೆಯಲ್ಲಿ ಹುಡುಕಿ ನೋಡಿ, ಸಿಗಲ್ಲ. ಹೆತ್ತ ತಾಯಿ ಹಾಲು ಏನಿದ್ದರೂ ಆಮೇಲೆ."

"ಆ ಬದುಕಿರೋ ಕರುವಿಗೂ ಇದನ್ನೇ ಕುಡಿಸಿದ್ರಾ?"

"ಮತ್ತೆ? ಅದಕ್ಕೂ ಇದೇ."

"ಇಲ್ಲ." ವೀಟುಸ್ ಬಾಗಿಲಲ್ಲಿ ನಿಂತು ಹೇಳಿದ. "ಬಾಟಲಿ ಕಲ್ಲಾಗಿತ್ತು, ಕರಗಿಸ್ತಾ ಕೂರೋಕೆ ಪುರುಸೊತ್ತಿರಲಿಲ್ಲ. ತಾಯಿ ನೆಕ್ಕುತ್ತಾ ನಿಂತಿದ್ದಳು, ಅವಳ ಕೆಚ್ಚಲಿಗೇ ಬಿಟ್ಟೆ. ಹೇಳಿದ್ರೆ ಕೋರ್ಬಿ ಕೂಗಾಡ್ತಾನೆ ಅಂತ ಸುಮ್ಮನಿದ್ದೆ."

ಡಾಕ್ಟರು ಒಂದು ಬಾಟಲಿಯನ್ನು ಕೈಗೆತ್ತಿಕೊಂಡರು. "ಸದ್ಯ! ನೋಡಿ, ಅಪರೂಪಕ್ಕೆ ಕೆಲವು ಹಸುಗಳ ಗಿಣ್ಣುಹಾಲಲ್ಲಿ ಕರುವಿನ ರಕ್ತವನ್ನೇ ಹಗೆ ಅಂದುಕೊಳ್ಳೋ ಅಂಶ ಸೇರ್ಕೊಂಡಿರತ್ತೆ. ಹಸು ಗಟ್ಟಿಮುಟ್ಟಾಗೇ ಇರ್ತಾಳೆ, ಹಾಲೂ ನೋಡೋಕೆ ಚೆನ್ನಾಗೇ ಇರತ್ತೆ. ಗೊತ್ತಾಗೋದು ಕರು ಸತ್ತಾಗಲೇ. ಇದನ್ನೆಲ್ಲ ಚೆಲ್ಲಿಬಿಡಿ."

ಕೋರ್ಬಿನಿಯನ್ ಇಂಗು ತಿಂದ ಮಂಗನಂತಾದ. ಸಂಜೆ ಅವನೇ ಬಾಟಲಿಗಳನ್ನು ಒಂದೊಂದಾಗಿ ಗೊಬ್ಬರದ ಗುಂಡಿಗೆ ಸುರಿದ. ತಮ್ಮನಿಗೆ ತಪ್ಪಾಯಿತು ಎನ್ನಲಿಲ್ಲ. ಬದಲಿಗೆ, "ಅಂತೂ ನಿನ್ನ ಸೋಮಾರಿತನದಿಂದ ಒಂದು ಕರು ಉಳೀತು ನೋಡು" ಎಂದು ನಕ್ಕ. ತಮ್ಮ ನಗಲಿಲ್ಲ. ನಾಲ್ಕು ದಿನ ಹೋದರೆ ಎಲ್ಲ ಸರಿಹೋಗುತ್ತದೆ ಎಂದು ಕೋರ್ಬಿನಿಯನ್ ತನಗೆ ತಾನೇ ಹೇಳಿಕೊಂಡ.

ಭಾನುವಾರ ಊಟದ ಹೊತ್ತಿಗೆ ಇನ್ನೊಂದು ಹಸುವಿಗೆ ನೋವು ಶುರುವಾಯಿತು. ಕರುವಿನ ಮುಂಗಾಲು ಹೊರಗೆ ಬಂದಿತ್ತು, ತಲೆ ಸಿಕ್ಕಿಕೊಂಡಿತ್ತು. ಕಾಲಿಗೆ ಹಗ್ಗ ಬಿಗಿದು ಎಳೆಯುತ್ತಿದ್ದ ಕೋರ್ಬಿನಿಯನ್‌ಗೆ ಒಬ್ಬನ ಬಲ ಸಾಲಲಿಲ್ಲ. "ವೀಟುಸ್! ಬೇಗ ಬಾರೋ!" ಎಂದು ಕೂಗಿದ.

ವೀಟುಸ್ ಮೆಟ್ಟಿಲಿಳಿದು ಬಂದ. ಆದರೆ ಹಗ್ಗಕ್ಕೆ ಕೈ ಹಾಕಲಿಲ್ಲ. ಅಣ್ಣನ ಎದುರು ನಿಂತು ಜೇಬಿನಲ್ಲಿದ್ದ ಚಾಕು, ಕರವಸ್ತ್ರ, ಅರ್ಧ ಖಾಲಿಯಾದ ಪೆಪ್ಪರ್‌ಮಿಂಟ್ ಪೊಟ್ಟಣ ಎಲ್ಲವನ್ನೂ ತೆಗೆದು ಹುಲ್ಲಿನ ಮೇಲಿಟ್ಟ. ಎರಡೂ ಜೇಬುಗಳ ಬಟ್ಟೆಯನ್ನು ಹೊರಕ್ಕೆ ಎಳೆದು ಕೊಡವಿದ. ಅಂಗಿಯ ತೋಳು ಮಡಚಿ, ಅಂಗೈಗಳನ್ನು ಅಣ್ಣನ ಮುಖದ ಮುಂದೆ ಚಾಚಿದ.

"ಸರಿಯಾಗಿ ನೋಡ್ಕೊ" ಎಂದ. "ಆಮೇಲೆ ಹಗ್ಗ ಕೊಡು."