ಆಕ್ಷೇಪಣೆ ಪೆಟ್ಟಿಗೆ

ಮೂವತ್ತನೆಯ ದಿನ, ಸಂಜೆ ಐದಕ್ಕೆ ಐದು ನಿಮಿಷ ಇರುವಾಗಲೇ ಯೋಜನಾಧಿಕಾರಿ ಆಕ್ಷೇಪಣೆ ಪೆಟ್ಟಿಗೆಯ ಬೀಗ ತೆಗೆಸಿದರು. ಒಳಗೆ ಒಂದು ಹಳೆಯ ಬಸ್ ಟಿಕೆಟ್ಟು, ಯಾರೋ ತೂರಿಸಿದ ಚಾಕೊಲೇಟಿನ ಹಾಳೆ. ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

"ಮೂಲೇಲಿ ಜೇಡ ಸಂಸಾರ ಹೂಡಿದೆಯಲ್ಲಮ್ಮ! ಪಾಪ, ನಮ್ಮ ಪೆಟ್ಟಿಗೆ ನಂಬಿದ್ದು ಅದೊಂದೇ. ಬರ್ಕೋ, ಆಕ್ಷೇಪಣೆಗಳು ಇಲ್ಲ."

"ಇನ್ನೂ ಐದು ನಿಮಿಷ ಇದೆ ಸರ್," ಎಂದಳು ಗುಮಾಸ್ತೆ. ಅಷ್ಟು ಹೇಳುವುದಕ್ಕೇ ಅವಳ ಕಿವಿ ಬಿಸಿಯಾಯಿತು.

"ಐದು ನಿಮಿಷದಲ್ಲಿ ಯಾರು ಓಡಿ ಬರ್ತಾರೆ? ಆಗಲಿ, ಕಾಯೋಣ."

ಮೇಜಿನ ಮೇಲೆ ಹಳೆಯ ರೈಲ್ವೆ ಯಾರ್ಡಿನ ನಕ್ಷೆ ಹರಡಿತ್ತು. ರೈಲು ನಿಂತು ಒಂಬತ್ತು ವರ್ಷವಾದ ಜಾಗ. ಇನ್ನು ಅಲ್ಲಿ ಅಂಗಡಿ ಸಾಲು, ಕಾರು ನಿಲ್ದಾಣ, ಸುತ್ತ ಏಳಡಿ ಗೋಡೆ. ರೈಲ್ವೆ ಕಾಲೋನಿಯ ಜನ ಯಾರ್ಡಿಗೆ ಅಡ್ಡಲಾಗಿ ನಡೆದು ನಡೆದು ಸವೆಸಿದ್ದ ಕಾಲುದಾರಿ ಮಾತ್ರ ನಕ್ಷೆಯಲ್ಲಿರಲಿಲ್ಲ. ಕಾಗದದ ಮೇಲೆ ಅದು ಎಂದೂ ದಾರಿಯಾಗಿರಲಿಲ್ಲ. ಗುಮಾಸ್ತೆಯ ಅಮ್ಮ ದಿನವೂ ಆ ದಾರಿಯಲ್ಲೇ ಈಚೆ ಬದಿಯ ಹೊಲಿಗೆ ಅಂಗಡಿಗೆ ಗುಂಡಿ ಹಾಕಲು ಬರುತ್ತಿದ್ದಳು. ಮೊಣಕಾಲು ಹಿಡಿದುಕೊಂಡು ನಡೆದರೂ ಹತ್ತು ನಿಮಿಷ. ಮುಖ್ಯರಸ್ತೆ ಸುತ್ತಿ ಬರುವುದಾದರೆ ಮುಕ್ಕಾಲು ಗಂಟೆ. ಆ ಕಾಲಿಗೆ ಅದು ಆಗದ ಮಾತು. ಗೋಡೆ ಎದ್ದ ದಿನ ಅಮ್ಮನ ಕೆಲಸ ಹೋದಂತೆಯೇ.

ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟ ನೋಟಿಸನ್ನು ಯಾರ್ಡಿನ ಗೇಟಿಗೆ ಅಂಟಿಸಿದವಳೂ ಈ ಮಗಳೇ. ಅಂದು ಊಟಕ್ಕೆ ಕೂತಾಗ, "ಅಪ್ಪ, ಒಂದು ಅರ್ಜಿ ಬರೆದು ಹಾಕು," ಎಂದಿದ್ದಳು. ಮೂವತ್ತನಾಲ್ಕು ವರ್ಷ ಅದೇ ಯಾರ್ಡಿನಲ್ಲಿ ಹಳಿ ತಿರುಗಿಸಿ, ಸಿಗ್ನಲ್ ದೀಪ ಹಚ್ಚಿದ ಅಪ್ಪ ತಟ್ಟೆಯಿಂದ ತಲೆ ಎತ್ತಿರಲಿಲ್ಲ. "ನಾವು ಹೂಂ ಅಂದ್ರೆ ತಾನೆ ಅವರು ಕೆಲಸ ಶುರು ಮಾಡೋದು? ಸುಮ್ನೆ ಇದ್ದುಬಿಡೋಣ. ಆಗ ಅವರೇನು ಮಾಡ್ತಾರೆ ನೋಡೋಣ." ಅಪ್ಪನ ಮಾತೇ ಕಾಲೋನಿಯ ಮಾತಾಯಿತು, ಅಲ್ಲಿರುವವರೆಲ್ಲ ರೈಲ್ವೆಯವರೇ. ಹಾಗಲ್ಲಪ್ಪ ಎನ್ನಲು ಬಾಯಿ ತೆರೆದವಳು ತುತ್ತಿನ ಜೊತೆ ಮಾತನ್ನೂ ನುಂಗಿದ್ದಳು.

ಕೊನೆಗೆ ತಾನೇ ಒಂದು ಅರ್ಜಿ ಬರೆದಳು. ಕಾಲೋನಿಯವಳಾಗಿ ಅವಳಿಗೂ ಹಕ್ಕಿತ್ತು. ಆದರೆ ಪೆಟ್ಟಿಗೆಯಲ್ಲಿ ಅದೊಂದೇ ಇದ್ದರೆ ಕಚೇರಿಯ ಅಷ್ಟೂ ತಲೆಗಳು ಅವಳತ್ತ ತಿರುಗುತ್ತವೆ. ಇನ್ನೊಂದು ಬೀಳಲಿ, ಅದರ ಕೆಳಗೆ ಸದ್ದಿಲ್ಲದೆ ತನ್ನದನ್ನೂ ಸೇರಿಸೋಣ ಎಂದು ಇಪ್ಪತ್ತು ದಿನ ಕಾದಳು. ಚೀಲದೊಳಗೆ ಮಡಿಸಿದ ಕಾಗದ ಮೆತ್ತಗಾಗಿ ಬಟ್ಟೆಯಂತಾಗಿತ್ತು. ಈಗಲೂ ಅವಳ ಕೈ ಚೀಲದೊಳಗೇ ಇತ್ತು.

ಗಡಿಯಾರ ಐದು ಹೊಡೆಯಿತು. "ಬರಿಯಮ್ಮ, ನನಗೂ ಮನೆ ಇದೆ," ಎಂದರು ಅಧಿಕಾರಿ.

ಬರೆದಳು. ಅವರು ಸಹಿ ಹಾಕಿ ಮೊಹರು ಒತ್ತಿದರು. ಮಗಳನ್ನು ಕರೆದೊಯ್ಯಲು ಬಂದ ಅಪ್ಪ ಬಾಗಿಲಲ್ಲಿ ಕೆಮ್ಮಿದ.

"ಬನ್ನಿ ಯಜಮಾನ್ರೇ. ನಿಮ್ಮ ಯಾರ್ಡಿನ ಯೋಜನೆ ಪಾಸಾಯ್ತು."

"ಯಾರು ಒಪ್ಪಿದ್ರು ಸಾಹೇಬ್ರೆ?"

"ಯಾರೂ ಬೇಡ ಅನ್ನಲಿಲ್ಲ."

"ಬೇಡ ಅನ್ನದೇ ಇದ್ರೆ ಬೇಕು ಅಂತಾನಾ?" ಅಪ್ಪ ಕೈ ಎತ್ತಿ ಅಲ್ಲಿಲ್ಲದ ಸಿಗ್ನಲ್ ಕಂಬವೊಂದನ್ನು ತೋರಿಸಿದ. "ನಮ್ಮಲ್ಲಿ ಕಂಬದ ದೀಪ ಆರಿಹೋಗಿದ್ರೆ ಅದನ್ನ ಕೆಂಪು ಅಂತಲೇ ತಿಳ್ಕೋಬೇಕು. ಡ್ರೈವರು ಗಾಡಿ ನಿಲ್ಲಿಸಲೇಬೇಕು. ಏನೂ ಕಾಣಿಸದೆ ಇದ್ರೆ ಮುಂದೆ ಹೋಗೋ ಹಾಗೇ ಇಲ್ಲ."

"ನಮ್ಮಲ್ಲಿ ಏನೂ ಕಾಣಿಸದೆ ಇದ್ರೆ ಹೋಗಬಹುದು," ಎಂದು ನಕ್ಕ ಅಧಿಕಾರಿ, ಅಪ್ಪನ ಮುಖ ನೋಡಿ ನಗುವನ್ನು ಅರ್ಧಕ್ಕೇ ನಿಲ್ಲಿಸಿದರು. "ನಾನೇನು ಕಲ್ಲಲ್ಲ ಯಜಮಾನ್ರೇ. ಕಾಲುದಾರಿ ಬೇಕು ಅಂತ ಒಂದು ಅರ್ಜಿ ಬಂದಿದ್ರೂ ಎಂಟಡಿ ಬಿಡಿಸ್ತಿದ್ದೆ. ಒಂದೇ ಒಂದು ಸಾಕಿತ್ತು."

ಅವಳು ಚೀಲವನ್ನು ಎದೆಗೊತ್ತಿಕೊಂಡಳು.

ಇಬ್ಬರೂ ಯಾರ್ಡಿನ ದಾರಿಯಲ್ಲೇ ಮನೆಗೆ ಹೊರಟರು. ಕೀಳದೆ ಉಳಿದಿದ್ದ ಒಂದೇ ಜೋಡಿ ಹಳಿಯ ಮುಂದೆ ಅಪ್ಪ ಎಂದಿನಂತೆ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಹಳಿಗಳ ನಡುವೆ ಸೊಂಟದೆತ್ತರ ಹುಲ್ಲು ಬೆಳೆದಿತ್ತು.

"ನಿಮ್ಮಲ್ಲಿ ಹೀಗೆ ಅಂತ ನೀನಾದ್ರೂ ಬಿಡಿಸಿ ಹೇಳಬಾರದಿತ್ತಾ ಪುಟ್ಟಿ?" ಎಂದ. ಗದರಿಸಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಮೆಲ್ಲಗೆ ಕೇಳಿದ.

ಹಿಂದಿನಿಂದ ಕೂಗು ಕೇಳಿಸಿತು. ಒಂದು ಕೈಯನ್ನು ಮೊಣಕಾಲಿಗೆ ಊರಿಕೊಂಡು ಅಮ್ಮ ಅಂಗಡಿಯಿಂದ ಬರುತ್ತಿದ್ದಳು. ಸೆರಗಿನ ಅಂಚಿಗೆ ದಾರ ಪೋಣಿಸಿದ ಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು.

"ರೀ, ಇವತ್ತೇ ಕೊನೇ ದಿನ ಅಲ್ವಾ? ಏನಾಯ್ತು ನಮ್ಮ ದಾರಿ?"

ಅಪ್ಪ ಮಗಳನ್ನು ನೋಡಿದ. ಮಗಳು ಹಳಿಯನ್ನು ನೋಡಿದಳು.

"ಸದ್ಯ! ಕೆಟ್ಟ ಸುದ್ದಿ ಆಗಿದ್ರೆ ಇಷ್ಟು ಹೊತ್ತಿಗೆ ಇಬ್ಬರಲ್ಲಿ ಒಬ್ಬರಾದ್ರೂ ಬಾಯಿ ಬಿಡ್ತಿದ್ರಿ," ಎಂದು ಅಮ್ಮ ನಿರಾಳವಾಗಿ ನಕ್ಕು, ಎಡಕ್ಕೂ ಬಲಕ್ಕೂ ನೋಡದೆ ಹಳಿ ದಾಟಿದಳು.